ಅಪ್ಪನ ಹೆಸರಿನ ಕಾಲಂ: ಮದುವೆಯಾಗದವರ ಮಗುವಿಗೆ ಕಾನೂನಿನಲ್ಲಿ ತಂದೆಯನ್ನು ಗುರುತಿಸುವ ದಾರಿ

ಆ ಹುಡುಗಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಸುರಿದಳು. ತಾಯಿ ಕಾರ್ಡು, ಎರಡು ಸ್ಕ್ಯಾನಿಂಗ್ ರಿಪೋರ್ಟು, ಮಗುವಿನ ಲಸಿಕೆ ಚೀಟಿ, ಮಡಚಿ ಮಡಚಿ ಹರಿದುಹೋದ ಆಸ್ಪತ್ರೆ ಬಿಲ್ಲು. "ಇದರಲ್ಲಿ ಏನೂ ಇಲ್ಲ ಮೇಡಂ, ಎಲ್ಲೂ ಅವನ ಹೆಸರಿಲ್ಲ" ಅಂದಳು. ಹೆರಿಗೆ ಸಿಸೇರಿಯನ್ನಾ ಅಂತ ಕೇಳಿದೆ. ಹೌದಂತೆ. ಹಾಗಾದರೆ ಆಪರೇಷನ್‌ಗೆ ಮುಂಚೆ ಒಪ್ಪಿಗೆ ಫಾರಂಗೆ ಸಹಿ ಹಾಕಿದ್ದು ಯಾರು? ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಅವನೇ" ಅಂದಳು.

ಆಸ್ಪತ್ರೆಯಿಂದ ಕೇಸ್ ಶೀಟಿನ ನಕಲು ಬಂದಾಗ ಅದರ ಕೊನೆಯ ಹಾಳೆಯಲ್ಲಿ ನೀಲಿ ಪೆನ್ನಿನ ಸಹಿ ಇತ್ತು. ಪಕ್ಕದಲ್ಲಿ ಅವನ ಮೊಬೈಲ್ ನಂಬರು. "ಸಂಬಂಧ" ಎಂಬ ಕಡೆ ಅವನೇ ಕೈಯಾರೆ "ಗಂಡ" ಎಂದು ಬರೆದಿದ್ದ. ಅವಳ ಕೇಸು ನಿಂತದ್ದೇ ಆ ಒಂದು ಹಾಳೆಯ ಮೇಲೆ.

ತಾಲೂಕು ಕೋರ್ಟಿನ ಕಾನೂನು ನೆರವು ಕೊಠಡಿಯಲ್ಲಿ ಸ್ವಯಂಸೇವಕಿಯಾಗಿ ಕೂರುವ ನನಗೆ ಇಂಥವರು ಆಗಾಗ ಸಿಗುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ: "ಇವನೇ ಅಪ್ಪ ಅಂತ ಸರ್ಟಿಫಿಕೇಟ್ ಎಲ್ಲಿ ಕೊಡ್ತಾರೆ?" ನಮ್ಮ ದೇಶದಲ್ಲಿ ಅಂಥ ಕೌಂಟರ್ ಇಲ್ಲ. ಅಮೆರಿಕದಲ್ಲಾದರೆ ಮದುವೆಯಾಗದ ಅಪ್ಪ-ಅಮ್ಮ ಆಸ್ಪತ್ರೆಯಲ್ಲೇ ಒಂದು ಫಾರಂಗೆ ಸಹಿ ಹಾಕಿ ತಂದೆತನವನ್ನು ಒಪ್ಪಿಕೊಳ್ಳಬಹುದು. ಇಲ್ಲಿ ಹಾಗಲ್ಲ. ಜನನ ಪತ್ರಕ್ಕೆ ಒಂದು ದಾರಿ, ಜೀವನಾಂಶಕ್ಕೆ ಇನ್ನೊಂದು, ಆಸ್ತಿಗೆ ಮತ್ತೊಂದು. ಅದಕ್ಕೇ ನಾನು ಮೊದಲು ತಿರುಗಿ ಕೇಳುವುದು: ತಂದೆಯ ಹೆಸರು ನಿಮಗೆ ಯಾವ ಕೆಲಸಕ್ಕೆ ಬೇಕು? ಇದು ಸ್ಪಷ್ಟವಾದರೆ ಅರ್ಧ ಅಲೆದಾಟ ತಪ್ಪುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾನೂನು ಪುಸ್ತಕಗಳಲ್ಲಿ ಈ ಮಕ್ಕಳಿಗೆ "ಅನೌರಸ" ಎಂಬ ಪದ ಇನ್ನೂ ಇದೆ. ಕೋರ್ಟಿನ ಕಾಗದದಲ್ಲಿ ಅದನ್ನು ಕಂಡು ನೊಂದುಕೊಳ್ಳಬೇಡಿ. 2021ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು, ಎರಡನೇ ಹೆಂಡತಿಯ ಮಗನಿಗೆ ಅನುಕಂಪದ ನೌಕರಿ ಕೊಡುವ ಪ್ರಶ್ನೆ ಬಂದಾಗ, ತಂದೆ-ತಾಯಿಯ ಸಂಬಂಧ ಕಾನೂನಿಗೆ ಹೊಂದದೆ ಇರಬಹುದು, ಹುಟ್ಟಿದ ಮಗುವಿನಲ್ಲಿ ಅಂಥ ದೋಷ ಏನೂ ಇಲ್ಲ ಎಂಬ ಅರ್ಥದ ಮಾತು ಹೇಳಿತು.

ಹಂತ 1: ಜನನ ನೋಂದಣಿ ನಿಲ್ಲಿಸಬೇಡಿ

ಅಪ್ಪನ ಜಗಳ ಮುಗಿಯಲಿ, ಆಮೇಲೆ ಮಗುವಿನ ಹೆಸರು ಬರೆಸೋಣ ಅಂತ ಕಾಯುವವರು ಬಹಳ. ದಯವಿಟ್ಟು ಕಾಯಬೇಡಿ. ಹುಟ್ಟಿದ 21 ದಿನದೊಳಗೆ ನೋಂದಣಿ ಆಗಬೇಕು. 30 ದಿನದವರೆಗೆ ತಡವಾದರೆ ದಂಡ ಶುಲ್ಕ ಕಟ್ಟಿದರೆ ಸಾಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗಂತೂ ಶಾಲೆ ಸೇರಿಸಲು, ಮತದಾರರ ಪಟ್ಟಿಗೆ, ಸರ್ಕಾರಿ ಕೆಲಸಕ್ಕೆ ಹುಟ್ಟಿದ ದಿನಾಂಕದ ಪುರಾವೆ ಅಂದರೆ ಜನನ ಪ್ರಮಾಣ ಪತ್ರವೇ.

ತಂದೆ ಜೊತೆಗಿದ್ದು ಒಪ್ಪುತ್ತಾನೆ ಎಂದರೆ ಇಬ್ಬರೂ ಒಟ್ಟಿಗೆ ಹೋಗಿ. ಇಬ್ಬರ ಗುರುತಿನ ಚೀಟಿ ಮತ್ತು ಇಬ್ಬರೂ ಸಹಿ ಮಾಡಿದ ಘೋಷಣೆ ಕೊಟ್ಟು ಹೆಸರು ಬರೆಸಿ. ಮದುವೆ ಸರ್ಟಿಫಿಕೇಟ್ ಕೇಳಿದರೆ ಸುಳ್ಳು ಹೇಳಬೇಡಿ, ಮದುವೆಯಾಗಿಲ್ಲ ಎಂದೇ ಬರೆದುಕೊಡಿ.

ಅವನು ಒಪ್ಪುತ್ತಿಲ್ಲವೋ, ಪತ್ತೆಯೇ ಇಲ್ಲವೋ, ಆಗ ತಂದೆಯ ಕಾಲಂ ಖಾಲಿ ಬಿಟ್ಟು ನೋಂದಣಿ ಮಾಡಿಸಿ. 2015ರಲ್ಲಿ ಸುಪ್ರೀಂ ಕೋರ್ಟು, ದೆಹಲಿಯ ಒಬ್ಬ ಅವಿವಾಹಿತ ತಾಯಿಯ ಪ್ರಕರಣದಲ್ಲಿ, ಇಂಥ ತಾಯಿ ಒಂದು ಅಫಿಡವಿಟ್ ಕೊಟ್ಟರೆ ಜನನ ಪತ್ರ ಕೊಡಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ತೀರ್ಪಿನಲ್ಲಿ ತಾಯಿಯ ಹೆಸರು ಹಾಕದೆ "ಎಬಿಸಿ" ಎಂದಷ್ಟೇ ಬರೆದಿದ್ದಾರೆ. ಗುಮಾಸ್ತರು ತಕರಾರು ಮಾಡಿದರೆ "ಎಬಿಸಿ ವಿರುದ್ಧ ದೆಹಲಿ ಸರ್ಕಾರ, 2015" ಎಂದು ಹೇಳಿ, ತೀರ್ಪಿನ ಪ್ರಿಂಟ್ ಒಂದನ್ನು ಜೊತೆಗಿಟ್ಟುಕೊಳ್ಳಿ.

ಇಲ್ಲಿ ಎರಡು ತಪ್ಪು ಪದೇ ಪದೇ ನೋಡುತ್ತೇನೆ. ಒಂದು, ಮಾನ ಉಳಿಸಲು ತಾತನ ಹೆಸರನ್ನೋ ಸೋದರಮಾವನ ಹೆಸರನ್ನೋ ಅಪ್ಪನ ಕಾಲಂನಲ್ಲಿ ಬರೆಸುವುದು. ಹತ್ತು ವರ್ಷದ ನಂತರ ಅದನ್ನು ತೆಗೆಸಲು ಪಡುವ ಪಾಡು ಯಾರಿಗೂ ಬೇಡ. ಜೊತೆಗೆ ನಿಜವಾದ ಅಪ್ಪನ ವಕೀಲರು ಅದೇ ಪತ್ರವನ್ನು ಹಿಡಿದು "ಅಪ್ಪ ಬೇರೆಯವನು ಅಂತ ನೀವೇ ಬರೆಸಿದ್ದೀರಲ್ಲ" ಅನ್ನುತ್ತಾರೆ. ಇನ್ನೊಂದು, ಅವನಿಗೆ ಗೊತ್ತಿಲ್ಲದೆ ಅವನ ಹೆಸರು ಬರೆಸಿ ಕೆಲಸ ಮುಗಿಯಿತು ಅಂದುಕೊಳ್ಳುವುದು. ಅವನು ತಗಾದೆ ತೆಗೆದರೆ ಆ ಪತ್ರ ಒಂದೇ ನಿಲ್ಲುವುದಿಲ್ಲ.

ಕಾಲಂ ಖಾಲಿ ಇದ್ದರೆ ಮಗುವಿಗೆ ಮುಂದೆ ತೊಂದರೆ ಅಲ್ವಾ ಅಂತ ಭಯ ಸಹಜ. ಈಗ ಅಷ್ಟು ತೊಂದರೆ ಇಲ್ಲ. ಪಾಸ್‌ಪೋರ್ಟಿಗೆ ಅಪ್ಪ-ಅಮ್ಮ ಇಬ್ಬರಲ್ಲಿ ಒಬ್ಬರ ಹೆಸರು ಸಾಕು ಎಂದು 2016ರ ಡಿಸೆಂಬರಿನಲ್ಲೇ ನಿಯಮ ಬದಲಾಯಿತು. ಒಂಟಿ ತಾಯಿಯ ಮಕ್ಕಳಿಗೆ ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ ಎಂಬ ನಿಯಮ 2018ರ ಡಿಸೆಂಬರ್ 5ರಿಂದ ಇದೆ. ಹಿಂದೂ ಕಾನೂನಿನಲ್ಲಿ ಮದುವೆಯಾಗದವರ ಮಗುವಿಗೆ ಮೊದಲ ಪೋಷಕಿ ತಾಯಿಯೇ, ಅವಳ ನಂತರವಷ್ಟೇ ತಂದೆ. ಬರೀ ಕಾಗದದ ಕೆಲಸಕ್ಕೆ ಎಂದಾದರೆ ಅವನ ಹಿಂದೆ ಬೀಳುವ ಅಗತ್ಯವೇ ಇಲ್ಲದಿರಬಹುದು. ಇದನ್ನು ಕೇಳಿ ಹಗುರಾಗಿ ಎದ್ದು ಹೋದ ತಾಯಂದಿರನ್ನು ನೋಡಿದ್ದೇನೆ.

ಹಂತ 2: ಪುರಾವೆ ಕೂಡಿಸಿ, ಇವತ್ತೇ

ಖರ್ಚು ಬೇಕು, ಹಕ್ಕು ಬೇಕು ಎಂದಾದರೆ ಪುರಾವೆ ಬೇಕು. ಜಗಳ ಜಾಸ್ತಿಯಾಗುವ ಮುಂಚೆಯೇ ಕೂಡಿಸಿ.

ಆಸ್ಪತ್ರೆ ದಾಖಲೆಯಿಂದ ಶುರು ಮಾಡಿ. ವೈದ್ಯರ ನಿಯಮದ ಪ್ರಕಾರ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಲಿಖಿತ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಡಿಸ್ಚಾರ್ಜ್ ಚೀಟಿ ಮಾತ್ರ ಸಾಕಾಗುವುದಿಲ್ಲ. ಪೂರ್ತಿ ಕೇಸ್ ಶೀಟು, ಒಪ್ಪಿಗೆ ಫಾರಂ, ಅಡ್ಮಿಷನ್ ಫಾರಂ ಅಂತ ಬಿಡಿಸಿ ಬರೆಯಿರಿ. ತಾಯಿ ಕಾರ್ಡಿನಲ್ಲಿ ಗಂಡನ ಹೆಸರು ಏನಿದೆ ನೋಡಿ. ಅಂಗನವಾಡಿ ಪುಸ್ತಕದಲ್ಲಿ, ಆಶಾ ಕಾರ್ಯಕರ್ತೆಯ ಬಳಿ ಏನು ಬರೆಸಿದ್ದೀರಿ ನೆನಪು ಮಾಡಿಕೊಳ್ಳಿ. ಆಶಾ ಅಕ್ಕನೇ ಒಳ್ಳೆಯ ಸಾಕ್ಷಿ ಆಗಬಹುದು.

ಇಬ್ಬರೂ ಒಟ್ಟಿಗೆ ಇದ್ದ ಮನೆಯ ಬಾಡಿಗೆ ಕರಾರು, ಗ್ಯಾಸ್ ಬುಕ್ಕು, ಅವನು ಫೋನ್ ಪೇ ಮಾಡಿದ ದುಡ್ಡಿನ ಬ್ಯಾಂಕ್ ಸ್ಟೇಟ್‌ಮೆಂಟು, ನಾಮಕರಣದ ಫೋಟೊ, ಎಲ್ಲ ಬೇಕು. ವಾಟ್ಸಾಪ್ ಮೆಸೇಜಿನ ಬಗ್ಗೆ ಒಂದು ಎಚ್ಚರಿಕೆ: ಸುಮ್ನೆ ಸ್ಕ್ರೀನ್‌ಶಾಟ್ ತೆಗೆದು ಫೋನ್ ಮಾರಿಬಿಡಬೇಡಿ. ಹೊಸ ಸಾಕ್ಷ್ಯ ಕಾನೂನಿನ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ಪುರಾವೆಯ ಜೊತೆ ಒಂದು ಸರ್ಟಿಫಿಕೇಟ್ ಕೊಡಬೇಕು. ಅದಕ್ಕೆ ಮೂಲ ಫೋನ್ ನಿಮ್ಮ ಕೈಲಿದ್ದರೆ ಒಳ್ಳೆಯದು. "ಮಗೂಗೆ ಜ್ವರ ಕಮ್ಮಿ ಆಯ್ತಾ, ನನ್ನ ಮಗಳನ್ನ ಚೆನ್ನಾಗಿ ನೋಡ್ಕೋ" ಎಂಬ ಒಂದು ಸಾಲು ನೂರು ಬೈಗುಳದ ಮೆಸೇಜಿಗಿಂತ ಬೆಲೆಬಾಳುತ್ತದೆ. ಬೈಗುಳದ್ದನ್ನೂ ಅಳಿಸಬೇಡಿ.

ಇನ್ನೊಂದು ಬಹಳ ಮುಖ್ಯ. ಯಾವತ್ತಾದರೂ ತಾಳಿ ಕಟ್ಟಿದ್ದನಾ? ದೇವಸ್ಥಾನದಲ್ಲಿ, ಯಾರ ಮನೆಯಲ್ಲೋ, ನಾಲ್ಕು ಜನರ ಎದುರಿಗೆ? "ಅವನಿಗೆ ಮೊದಲೇ ಹೆಂಡತಿ ಇದ್ದಳು, ಅದು ಮದುವೆ ಅಲ್ಲ ಅಂತ ಹೇಳಿದ್ರು" ಎಂದು ಎಷ್ಟೋ ಜನ ಇದನ್ನು ಹೇಳುವುದೇ ಇಲ್ಲ. ಹೇಳಿ. ಆ ಮದುವೆ ಕಾನೂನಿನಲ್ಲಿ ನಿಲ್ಲದಿದ್ದರೂ, ಹಿಂದೂ ವಿವಾಹ ಕಾಯ್ದೆಯ 16ನೇ ಸೆಕ್ಷನ್ ಆ ಮಗುವನ್ನು ಔರಸ, ಅಂದರೆ ಕಾನೂನುಬದ್ಧ ಮಗು ಎಂದೇ ನೋಡುತ್ತದೆ. ದೇವಸ್ಥಾನದ ರಸೀದಿ, ಒಂದು ಮಸುಕು ಫೋಟೊ, ಪೂಜಾರಿಯ ಮಾತು, ಮುಂದೆ ಆಸ್ತಿಯ ಪ್ರಶ್ನೆ ಬಂದಾಗ ಇಡೀ ಲೆಕ್ಕ ಬದಲಿಸುತ್ತವೆ.

ಹಂತ 3: ಅವನು ಒಪ್ಪುವುದಾದರೆ ಬರವಣಿಗೆಯಲ್ಲಿ ಒಪ್ಪಿಸಿ

ಎಲ್ಲ ತಂದೆಯರೂ ಓಡಿಹೋಗುವವರಲ್ಲ. ಒಪ್ಪುವವನಿದ್ದರೆ ಸ್ಟಾಂಪ್ ಪೇಪರಿನಲ್ಲಿ ಒಪ್ಪಿಗೆ ಪತ್ರ ಬರೆಸಿ. "ಇಂಥ ದಿನ ಇಂಥ ಆಸ್ಪತ್ರೆಯಲ್ಲಿ ಹುಟ್ಟಿದ ಈ ಮಗುವಿನ ತಂದೆ ನಾನೇ" ಎಂಬ ವಾಕ್ಯ ನೇರವಾಗಿ ಇರಲಿ. ತಿಂಗಳಿಗೆ ಎಷ್ಟು ಕೊಡುತ್ತಾನೆ, ಶಾಲೆ-ಆಸ್ಪತ್ರೆ ಖರ್ಚು ಯಾರದ್ದು, ಮಗುವನ್ನು ಯಾವಾಗ ನೋಡಬಹುದು, ಎಲ್ಲ ಬರೆಯಿರಿ. ಇಬ್ಬರು ಸಾಕ್ಷಿಗಳ ಸಹಿ ಇರಲಿ. ನೋಟರಿ ಮಾಡಿಸುವುದಕ್ಕಿಂತ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದರೆ ಗಟ್ಟಿ. ಇದು ಕೋರ್ಟಿನ ತೀರ್ಪಿಗೆ ಸಮ ಅಲ್ಲ, ಆದರೆ ನಾಳೆ ಅವನು ತಿರುಗಿಬಿದ್ದರೆ ಅವನದೇ ಮಾತು ಅವನ ಎದುರಿಗೆ ನಿಲ್ಲುತ್ತದೆ.

ಊರಿನ ಪಂಚಾಯ್ತಿ ಕಟ್ಟೆಯಲ್ಲಿ ನಡೆಯುವುದು ಬೇರೆ. "ಎರಡು ಲಕ್ಷ ತಗೋ, ಇನ್ನು ಮಗುವಿನ ವಿಷಯಕ್ಕೆ ಬರಬೇಡ" ಎಂದು ಬರೆಸಿಕೊಳ್ಳುತ್ತಾರೆ. ಜೀವನಾಂಶದ ಹಕ್ಕು ಮಗುವಿನದ್ದು. ತಾಯಿ ಸಹಿ ಹಾಕಿದಳು ಅಂತ ಮಗುವಿನ ಹಕ್ಕು ಹೋಗುವುದಿಲ್ಲ. ಈಗಾಗಲೇ ಸಹಿ ಹಾಕಿಬಿಟ್ಟಿದ್ದೀರಾ? ಪರವಾಗಿಲ್ಲ, ಆ ಕಾಗದದ ನಕಲು ಇಟ್ಟುಕೊಳ್ಳಿ. ತಂದೆ ಅಲ್ಲದವನು ಎರಡು ಲಕ್ಷ ಯಾಕೆ ಕೊಟ್ಟ?

ಹಂತ 4: ಒಪ್ಪದಿದ್ದರೆ ಜೀವನಾಂಶದ ಅರ್ಜಿ

ನನ್ನ ಅನುಭವದಲ್ಲಿ ಹೆಚ್ಚಿನವರಿಗೆ ಸರಿಯಾದ ಬಾಗಿಲು ಇದೇ. ಹಿಂದೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಸೆಕ್ಷನ್ ಎನ್ನುತ್ತಿದ್ದರು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್. ಮದುವೆಯಿಂದ ಹುಟ್ಟಿದ ಮಗುವಾಗಲಿ, ಮದುವೆ ಇಲ್ಲದೆ ಹುಟ್ಟಿದ ಮಗುವಾಗಲಿ, ಅಪ್ಪ ಸಾಕಲೇಬೇಕು. ಜಾತಿ, ಧರ್ಮ ಯಾವುದಾದರೂ ಇದು ಅನ್ವಯ. ಮದುವೆಯಾಗಿದೆ ಎಂದು ಸಾಬೀತು ಮಾಡುವ ಹೊರೆ ಮಗುವಿಗೆ ಇಲ್ಲ. ಇವನು ಅಪ್ಪ ಎಂದು ತೋರಿಸಿದರೆ ಸಾಕು.

ಕೌಟುಂಬಿಕ ನ್ಯಾಯಾಲಯ ಇರುವ ಕಡೆ ಅಲ್ಲಿ, ಇಲ್ಲದ ಕಡೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅರ್ಜಿ ಹಾಕಬೇಕು. ಅವನು ಇರುವ ಜಿಲ್ಲೆಯಲ್ಲೋ, ನೀವಿಬ್ಬರೂ ಕೊನೆಗೆ ಒಟ್ಟಿಗೆ ಇದ್ದ ಜಿಲ್ಲೆಯಲ್ಲೋ ಹಾಕಬಹುದು. ಅರ್ಜಿ ಮಗುವಿನ ಹೆಸರಲ್ಲಿ, ತಾಯಿ ಅದರ ಪರವಾಗಿ. ಇದರ ಜೊತೆಗೇ ಮಧ್ಯಂತರ ಜೀವನಾಂಶದ, ಅಂದರೆ ಕೇಸು ಮುಗಿಯುವವರೆಗಿನ ಖರ್ಚಿನ ಅರ್ಜಿಯನ್ನೂ ಹಾಕಿಸಿ. ಅವನಿಗೆ ನೋಟಿಸ್ ಮುಟ್ಟಿದ 60 ದಿನದೊಳಗೆ ಅದನ್ನು ಆದಷ್ಟು ಮಟ್ಟಿಗೆ ತೀರ್ಮಾನಿಸಬೇಕು ಎಂದು ಕಾನೂನು ಹೇಳುತ್ತದೆ. ಸುಪ್ರೀಂ ಕೋರ್ಟಿನ 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಎರಡೂ ಕಡೆಯವರು ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ. ಅದಕ್ಕೇ ಅರ್ಜಿ ಬೇಗ ಹಾಕಿ ಅಂತ ಒತ್ತಿ ಹೇಳುವುದು.

ಆದೇಶವಾದ ಮೇಲೂ ಕೊಡದಿದ್ದರೆ ಬಾಕಿ ವಸೂಲಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ತಪ್ಪಿದ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸುವ ಅಧಿಕಾರ ಕೋರ್ಟಿಗಿದೆ.

ಸಂಬಂಧ ಮದುವೆಯಂತೆಯೇ ಇತ್ತು, ಒಂದೇ ಮನೆಯಲ್ಲಿ ಸಂಸಾರ ಮಾಡಿದ್ದಿರಿ ಎಂದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿಯೂ ನಿಮಗೆ ಮತ್ತು ಮಗುವಿಗೆ ಖರ್ಚು ಕೇಳಬಹುದು. ಅದಕ್ಕೆ ನಿಮ್ಮ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಹೊಡೆತ, ಬೆದರಿಕೆ ಇದ್ದರೆ 181 ಅಥವಾ 112ಕ್ಕೆ ಫೋನ್ ಮಾಡಿ.

ವಕೀಲರ ಫೀಸಿನ ಚಿಂತೆ ಬಿಡಿ. ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಇದೆ. ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಸಹಾಯವಾಣಿ 15100. ಊರವರೆಲ್ಲ ಕೋರ್ಟಿನಲ್ಲಿ ಕೂತು ಕೇಳುತ್ತಾರೆ ಎಂಬ ಸಂಕೋಚ ಇದ್ದರೆ, ಕೌಟುಂಬಿಕ ನ್ಯಾಯಾಲಯದಲ್ಲಿ ಬಾಗಿಲು ಮುಚ್ಚಿ ವಿಚಾರಣೆ ನಡೆಸಿ ಎಂದು ಕೇಳಿ. ಎರಡು ಕಡೆಯಲ್ಲಿ ಒಬ್ಬರು ಕೇಳಿದರೂ ಕೋರ್ಟು ಹಾಗೆ ಮಾಡಲೇಬೇಕು.

ಹಂತ 5: ಡಿಎನ್‌ಎ ಪರೀಕ್ಷೆ

ಅವನು "ಮಗು ನನ್ನದಲ್ಲ" ಎಂದು ತಕರಾರು ಸಲ್ಲಿಸುತ್ತಾನೆ. ಆಗ ಡಿಎನ್‌ಎ ಮಾತು ಬರುತ್ತದೆ. ಸಿನಿಮಾದಲ್ಲಿ ತೋರಿಸುವಷ್ಟು ಸುಲಭ ಅಲ್ಲ ಇದು. ಕೇಳಿದ ತಕ್ಷಣ ಆದೇಶ ಕೊಡುವಂತಿಲ್ಲ ಎಂದು 1993ರ ಗೌತಮ್ ಕುಂಡು ಪ್ರಕರಣದಿಂದಲೂ ಸುಪ್ರೀಂ ಕೋರ್ಟು ಹೇಳುತ್ತಲೇ ಬಂದಿದೆ. ಮೇಲ್ನೋಟಕ್ಕೆ ಗಟ್ಟಿ ಪುರಾವೆ ಇರಬೇಕು, ಪರೀಕ್ಷೆ ಇಲ್ಲದೆ ತೀರ್ಮಾನ ಆಗುವುದಿಲ್ಲ ಎಂದೂ ಇರಬೇಕು. ಎರಡನೇ ಹಂತದ ಕಾಗದಗಳು ಇಲ್ಲಿ ಕೆಲಸಕ್ಕೆ ಬರುತ್ತವೆ.

ಕೋರ್ಟು ಆದೇಶ ಮಾಡಿಯೂ ಅವನು ರಕ್ತ ಕೊಡದಿದ್ದರೆ? ಆ ನಿರಾಕರಣೆಯನ್ನೇ ಕೋರ್ಟು ಅವನ ವಿರುದ್ಧ ತೆಗೆದುಕೊಳ್ಳಬಹುದು. ಉತ್ತರಪ್ರದೇಶದ ಮುಖ್ಯಮಂತ್ರಿಯಾಗಿದ್ದ ಎನ್‌.ಡಿ. ತಿವಾರಿಯವರೇ ವರ್ಷಗಟ್ಟಲೆ ರಕ್ತ ಕೊಡಲು ಒಪ್ಪಿರಲಿಲ್ಲ. ಕೊನೆಗೆ 2012ರ ಮೇ ತಿಂಗಳಲ್ಲಿ ಮಾದರಿ ತೆಗೆದರು, ಜುಲೈನಲ್ಲಿ ವರದಿ ಬಂತು. ಕೇಸು ಹಾಕಿದ್ದ ರೋಹಿತ್ ಶೇಖರ್ ತಿವಾರಿಯವರ ಮಗನೇ ಎಂದು ತೀರ್ಮಾನವಾಯಿತು.

ಪರೀಕ್ಷೆ ಹೇಗೆ ಕೆಲಸ ಮಾಡುತ್ತದೆ ಗೊತ್ತಿದ್ದರೆ ಭಯ ಕಮ್ಮಿ. ನಮ್ಮ ಡಿಎನ್‌ಎಯಲ್ಲಿ ಕೆಲವು ಜಾಗಗಳಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬರುತ್ತದೆ ಎಂಬುದೇ ಅಲ್ಲಿಯ ಸಂಖ್ಯೆ. ಪ್ರತಿ ಜಾಗಕ್ಕೂ ಎರಡು ಸಂಖ್ಯೆ, ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಮಗುವಿನದು 12 ಮತ್ತು 15, ಅಮ್ಮನದು 12 ಮತ್ತು 14 ಎನ್ನಿ. 12 ಅಮ್ಮನದು ಅಂತಾಯಿತು. ಹಾಗಾದರೆ 15 ಅಪ್ಪನಲ್ಲಿ ಇರಲೇಬೇಕು. ಹೀಗೆ ಹತ್ತಾರು ಜಾಗ ನೋಡುತ್ತಾರೆ. ಎಲ್ಲ ಕಡೆ ಹೊಂದಿದರೆ ಅವನೇ ಅಪ್ಪ ಎಂಬ ಸಂಭವ 99.99 ಶೇಕಡಾದ ಆಸುಪಾಸಿಗೆ ಹೋಗುತ್ತದೆ. ಹಲವು ಕಡೆ ಹೊಂದದಿದ್ದರೆ ಅವನು ಅಪ್ಪನಲ್ಲ.

ಮಾದರಿ ತೆಗೆಯುವ ದಿನ ಮೂವರೂ ಗುರುತಿನ ಚೀಟಿ ತರಬೇಕು. ಫೋಟೊ, ಸಹಿ, ಹೆಬ್ಬೆಟ್ಟು ತೆಗೆದುಕೊಳ್ಳುತ್ತಾರೆ. ನಿಮ್ಮ ಎದುರೇ ಸೀಲು ಆಗಬೇಕು. ಕೊಳವೆಯ ಮೇಲೆ ಹೆಸರು ಸರಿಯಾಗಿದೆಯಾ ಅಂತ ಓದಿ ನೋಡಿಯೇ ಸಹಿ ಹಾಕಿ. ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯವೋ, ಹೈದರಾಬಾದಿನ ಡಿಎನ್‌ಎ ಪರೀಕ್ಷಾ ಕೇಂದ್ರವಾದ ಸಿಡಿಎಫ್‌ಡಿಯೋ, ಕೋರ್ಟು ಹೇಳಿದ ಕಡೆಗೇ ಹೋಗಬೇಕು. ಆನ್‌ಲೈನಿನಲ್ಲಿ ಕಿಟ್ ತರಿಸಿ, ಅವನ ಹಲ್ಲುಜ್ಜುವ ಬ್ರಷ್ ಕದ್ದು ಕಳಿಸುವ ಸಾಹಸ ಬೇಡ. ದುಡ್ಡು ದಂಡ, ಕೋರ್ಟಿನಲ್ಲಿ ಆ ವರದಿಯನ್ನು ನಂಬಿಸುವುದೂ ಕಷ್ಟ.

ತಾಯಿಗೆ ಆ ಸಮಯದಲ್ಲಿ ಬೇರೆಯವರ ಜೊತೆ ಮದುವೆ ಆಗಿದ್ದು, ವಿಚ್ಛೇದನ ಆಗಿರದಿದ್ದರೆ ವಿಷಯ ತುಂಬಾ ಬಿಗಿ. ಮದುವೆ ಇರುವಾಗ ಅಥವಾ ಮುರಿದ 280 ದಿನದೊಳಗೆ ಹುಟ್ಟಿದ ಮಗು ಗಂಡನದ್ದೇ ಎಂದು ಸಾಕ್ಷ್ಯ ಕಾನೂನಿನ 116ನೇ ಸೆಕ್ಷನ್ ಹಿಡಿಯುತ್ತದೆ. ಗಂಡ-ಹೆಂಡತಿ ಸೇರುವ ಅವಕಾಶವೇ ಇರಲಿಲ್ಲ ಎಂದು ಮೊದಲು ತೋರಿಸಬೇಕು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಮತ್ತೆ ಎತ್ತಿಹಿಡಿಯಿತು. ಇಂಥ ಸ್ಥಿತಿಯಲ್ಲಿ ವಕೀಲರಿಗೆ ಏನನ್ನೂ ಮುಚ್ಚಿಡಬೇಡಿ.

ಹಂತ 6: ಆಸ್ತಿ, ಮತ್ತು ಶಾಶ್ವತ ತೀರ್ಮಾನ

ಜೀವನಾಂಶದ ಕೇಸಿನಲ್ಲಿ ಅಪ್ಪ ಎಂದು ಹೇಳಿದ್ದು ಆ ಕೇಸಿನ ಮಟ್ಟಿಗೆ. ಎಲ್ಲ ಕಾಲಕ್ಕೂ ನಿಲ್ಲುವ ತೀರ್ಮಾನ ಬೇಕಾದರೆ ಇವನೇ ಅಪ್ಪ ಎಂದು ಘೋಷಿಸಿ ಎಂದು ಕೇಳುವ ದಾವೆಯನ್ನು ಕೌಟುಂಬಿಕ ನ್ಯಾಯಾಲಯದಲ್ಲಿ ಹಾಕಬೇಕು. ಮಗುವಿನ ಜೊತೆ ಸಂಬಂಧ ಬೇಕು ಎನ್ನುವ ತಂದೆಗೂ ಇದೇ ದಾರಿ, ಜೊತೆಗೆ 1890ರ ಪೋಷಕರ ಕಾಯ್ದೆಯಡಿ ಭೇಟಿಯ ಅರ್ಜಿ.

ಆಸ್ತಿಯ ಬಗ್ಗೆ ಕಹಿ ಸತ್ಯ ಹೇಳಲೇಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ, ಯಾವ ಮದುವೆಯೂ ಇಲ್ಲದೆ ಹುಟ್ಟಿದ ಮಗು ತಾಯಿಯ ವಾರಸುದಾರ. ಡಿಎನ್‌ಎ ಹೊಂದಿತು ಅಂತ ತಂದೆಯ ಆಸ್ತಿ ತಾನಾಗಿ ಬರುವುದಿಲ್ಲ. ಇದು ಅನ್ಯಾಯ ಎಂದೇ ನನ್ನ ಭಾವನೆ. ಸದ್ಯಕ್ಕೆ ದಾರಿ ಅಂದರೆ ಉಯಿಲು ಅಥವಾ ದಾನಪತ್ರ. ತಂದೆ ಒಪ್ಪುವವನಾದರೆ ಅವನು ಗಟ್ಟಿಮುಟ್ಟಾಗಿ ಇರುವಾಗಲೇ ಸ್ವಂತ ಸಂಪಾದನೆಯ ಆಸ್ತಿಗೆ ಉಯಿಲು ಬರೆಸಿ ನೋಂದಣಿ ಮಾಡಿಸಿ.

ತಾಳಿ ಕಟ್ಟಿದ್ದರೆ ಲೆಕ್ಕ ಬೇರೆ ಅಂದೆನಲ್ಲ, ಅದು ಇಲ್ಲಿ. ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಊರ್ಜಿತವಲ್ಲದ ಮದುವೆಯ ಮಕ್ಕಳಿಗೂ, ಕೂಡು ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರುವ ಭಾಗದಲ್ಲಿ ಪಾಲಿದೆ. ತಂದೆಯ ಭಾಗಕ್ಕೆ 3 ಎಕರೆ ಬರುತ್ತದೆ ಎನ್ನಿ. ಆ 3 ಎಕರೆಯಲ್ಲಿ ಅವನ ಉಳಿದ ಮಕ್ಕಳ ಹಾಗೆಯೇ ಈ ಮಗುವಿಗೂ ಪಾಲು. ದೊಡ್ಡಪ್ಪ, ಚಿಕ್ಕಪ್ಪಂದಿರ ಭಾಗವನ್ನು ಕೇಳುವಂತಿಲ್ಲ.

ಇಬ್ಬರೂ ಬಹಳ ವರ್ಷ ಗಂಡ-ಹೆಂಡತಿಯಂತೆ ಬಾಳಿದ್ದರೆ, ಮದುವೆಯಾಗಲು ಕಾನೂನಿನ ಅಡ್ಡಿ ಇರಲಿಲ್ಲ ಎಂದರೆ, ಮದುವೆ ಆಗಿತ್ತು ಎಂದೇ ಕೋರ್ಟು ಭಾವಿಸಬಹುದು. 2022ರಲ್ಲಿ ಕೇರಳದ ಕಟ್ಟುಕಂಡಿ ಪ್ರಕರಣದಲ್ಲಿ ಹಾಗೇ ಆಯಿತು. ರೇಷನ್ ಕಾರ್ಡು, ಮತದಾರರ ಚೀಟಿ, ನೆರೆಹೊರೆಯವರ ಸಾಕ್ಷಿ ಅಲ್ಲಿ ತೂಗುತ್ತವೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳಲ್ಲಿ ವಾರಸುದಾರಿಕೆಯ ನಿಯಮ ಬೇರೆ, ಅದನ್ನು ಆ ಕಾನೂನು ಬಲ್ಲ ವಕೀಲರಲ್ಲೇ ಕೇಳಿ.

ಹಂತ 7: ತೀರ್ಪು ಬಂದ ಮೇಲೆ

ತೀರ್ಪು ಬಂತು ಅಂತ ಸುಮ್ಮನೆ ಕೂರಬೇಡಿ. ಕೋರ್ಟಿನ ನಕಲು ಶಾಖೆಯಲ್ಲಿ ಅರ್ಜಿ ಹಾಕಿ ದೃಢೀಕೃತ ಪ್ರತಿ ಮೂರಾದರೂ ತೆಗೆದುಕೊಳ್ಳಿ. ಒಂದನ್ನು ಜನನ ನೋಂದಣಾಧಿಕಾರಿಗೆ ಅರ್ಜಿಯ ಜೊತೆ ಕೊಡಿ. ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ಅಡಿ ತಿದ್ದುಪಡಿ ಮಾಡಿಕೊಡಿ ಎಂದು ಬರೆಯಿರಿ. ಇನ್ನೊಂದು ಶಾಲೆಯ ದಾಖಲಾತಿ ಪುಸ್ತಕ ತಿದ್ದಿಸಲು. ಮೂರನೆಯದನ್ನು ಲ್ಯಾಮಿನೇಷನ್ ಮಾಡಿಸದೆ ಹಾಗೇ ಕವರಿನಲ್ಲಿಡಿ, ಲ್ಯಾಮಿನೇಷನ್ ಮಾಡಿದರೆ ಸೀಲು, ಸಹಿ ಪರಿಶೀಲಿಸಲು ಆಗುವುದಿಲ್ಲ ಎಂದು ಕಚೇರಿಗಳಲ್ಲಿ ತಿರುಗಿಸಿ ಕಳಿಸುತ್ತಾರೆ.

ಆ ಹುಡುಗಿಯ ಮಗಳು ಈಗ ಎರಡನೇ ಕ್ಲಾಸು. ಜೀವನಾಂಶ ತಿಂಗಳ ಹತ್ತನೇ ತಾರೀಕಿಗೆ ಖಾತೆಗೆ ಬೀಳುತ್ತದೆ, ಎರಡು ಸಲ ತಪ್ಪಿತ್ತು, ವಸೂಲಿ ಅರ್ಜಿ ಹಾಕಿದೆವು. ಜನನ ಪತ್ರದಲ್ಲಿ ಅವನ ಹೆಸರು ಸೇರಿಸೋಣವಾ ಅಂತ ಕೇಳಿದ್ದಕ್ಕೆ ಅವಳು ಯೋಚಿಸಿ, "ಬೇಡ ಮೇಡಂ, ದೊಡ್ಡವಳಾದ ಮೇಲೆ ಅವಳೇ ಹೇಳಲಿ" ಅಂದಳು. ಕೇಸ್ ಶೀಟಿನ ಆ ಹಾಳೆಯನ್ನು ಮಾತ್ರ ಹೊಸ ಫೈಲಿನಲ್ಲಿ ಹಾಕಿ ಇಟ್ಟಿದ್ದಾಳೆ.